ಸೇತುವೆಯವರೆಗಿನ ಚಾಂಪಿಯನ್

ಬೇಕರಿಯವನನ್ನು ಊರಿನಲ್ಲಿ ಎಲ್ಲರೂ ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಯಾರೂ ಪ್ರೀತಿಯಿಂದ ಇಟ್ಟದ್ದಲ್ಲ, ಅವನೇ ಹೇಳಿ ಹೇಳಿ ಇಡಿಸಿಕೊಂಡದ್ದು. ಬನ್ನು ಕೊಂಡವರಿಗೆಲ್ಲ ಬನ್ನಿನ ಜೊತೆ ಒಂದು ಕಥೆ ಬಿಟ್ಟಿ. ಅವನಿಗೆ ಆರು ವರ್ಷವಿದ್ದಾಗ ಹಳೆಯ ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮಿನ ಅಂಗಡಿಯಿತ್ತಂತೆ. ಅಲ್ಲಿ ಮರದ ಸ್ಟೂಲಿನ ಮೇಲೆ ನಿಂತು ಇವನು ವಿಮಾನದ ಆಟ ಆಡುತ್ತಿದ್ದನಂತೆ. ನದಿಯ ಮೇಲೆ ಹಾರಿ, ಗುಡ್ಡಗಳ ಸಂದಿಯಲ್ಲಿ ನುಸುಳಿ, ಎದುರು ಬಂದವರನ್ನೆಲ್ಲ ಉರುಳಿಸಿ, ಪ್ರತಿ ಸಲವೂ ಸೇತುವೆಯವರೆಗೆ ಹೋಗುತ್ತಿದ್ದನಂತೆ. ಒಂದು ಸಲವಾದರೂ ನಡುವೆ ಸತ್ತದ್ದಿಲ್ಲ. ಅವನನ್ನು ಸೋಲಿಸುತ್ತಿದ್ದುದು ಆ ಸೇತುವೆ ಒಂದೇ.

“ಕೈ ತಿರುಗಿಸೋದೇ ಬೇಡ ಕಣ್ರೀ,” ಎನ್ನುತ್ತಿದ್ದ. “ಈ ಕಡೆ ಹೋಗ್ಬೇಕು ಅಂದ್ಕೊಳ್ಳೋಷ್ಟರಲ್ಲಿ ವಿಮಾನ ಹೋಗಿರ್ತಿತ್ತು. ಅಂಥಾ ಮಷೀನು! ಸದ್ದಾ? ಒಂಚೂರೂ ಸದ್ದಿಲ್ಲ. ಈಗಿನ ಗೇಮುಗಳ ಹಾಗೆ ಡಬಡಬ ಅಂತ ಬಡ್ಕೋತಿರಲಿಲ್ಲ.”

ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಅವನ ಅಕ್ಕ ಚಿಲ್ಲರೆ ಎಣಿಸುತ್ತ ನಗುತ್ತಿದ್ದಳು. ತಮ್ಮ ಮಾತಾಡಲು ಶುರುಮಾಡಿದರೆ ಅವಳು ನಡುವೆ ಬಾಯಿ ಹಾಕುವವಳಲ್ಲ. ಕಥೆ ಮುಗಿಯುವಷ್ಟರಲ್ಲಿ ಗಿರಾಕಿ ಒಂದು ಪೊಟ್ಟಣ ರಸ್ಕು ಹೆಚ್ಚಿಗೆ ಕೊಂಡಿರುತ್ತಾನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬರೀ ಕಥೆಯಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಈ ಮಹಾನುಭಾವ ಬೇಕರಿಯ ಹಿಂದಿನ ಗೋದಾಮಿನಿಂದ ಮೈದಾ ಮೂಟೆಗಳನ್ನೆಲ್ಲ ಹೊರಗಟ್ಟಿ, ಅಲ್ಲಿ ಆಳೆತ್ತರದ ಹಳೇ ಗೇಮಿನ ಪೆಟ್ಟಿಗೆಗಳನ್ನು ತಂದು ನಿಲ್ಲಿಸಿಕೊಂಡಿದ್ದ. ಗುಜರಿಯಿಂದ ಒಂದು, ಮುಚ್ಚಿದ ಸಿನಿಮಾ ಟಾಕೀಸಿನಿಂದ ಒಂದು, ಹೀಗೆ ನಾಲ್ಕು. ಮೂಟೆಗಳು ಓಣಿಯಲ್ಲಿ, ಪೆಟ್ಟಿಗೆಗಳು ಫ್ಯಾನಿನ ಕೆಳಗೆ. ಬೆಳಗಿನ ಒಲೆ ಆರಿದ ಮೇಲೆ ಅಲ್ಲಿಗೆ ಹೊಕ್ಕರೆ, ಮೆತ್ತಿದ ಬಣ್ಣ ಕೆರೆಯುವುದು, ಗೆದ್ದಲು ತಿಂದ ಹಲಗೆಗೆ ತೇಪೆ ಹಾಕುವುದು, ಸವೆದ ಹ್ಯಾಂಡಲಿಗೆ ಹೊಸ ಸ್ಪ್ರಿಂಗು ಕೂರಿಸುವುದು. ಮರದ ಕೆಲಸವೆಲ್ಲ ಅವನದು. ಆಟವೇ ಅಡಗಿರುವ ಒಳಗಿನ ಸರ್ಕ್ಯೂಟ್ ಬೋರ್ಡು, ಪಿಕ್ಚರ್ ಟ್ಯೂಬು, ತಂತಿಗಳ ಕೆಲಸ ಮಾತ್ರ ಮೇಷ್ಟ್ರದು.

ಮೇಷ್ಟ್ರು ಎಂದರೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಬೋರ್ಡಿನ ತಾಮ್ರದ ಹಲ್ಲುಗಳನ್ನು ಉಜ್ಜುತ್ತ ಕೂತರೆ ಮಾತ್ರ ಮಗುವಿನ ಹಾಗೆ ಇರುತ್ತಿದ್ದರು. ಊರಿನಲ್ಲಿ ಇಂಥ ಪೆಟ್ಟಿಗೆ ಕೂಡಿಡುವ ಹುಚ್ಚಿನವರು ಇನ್ನೂ ಕೆಲವರಿದ್ದರು. ಎಲ್ಲರ ಬೋರ್ಡುಗಳೂ ಅವರ ಮೇಜಿಗೇ ಬರಬೇಕು. ಭಾನುವಾರ ಮಧ್ಯಾಹ್ನ ಎಲ್ಲರೂ ಬೇಕರಿಯ ಗೋದಾಮಿನಲ್ಲಿ ಸೇರುತ್ತಿದ್ದರು. ಮೇಷ್ಟ್ರಿಗೆ ಅದನ್ನು ಬಿಟ್ಟರೆ ಬೇರೆ ಲೋಕವಿರಲಿಲ್ಲ.

ಮೇಷ್ಟ್ರು ಮತ್ತು ಚಾಂಪಿಯನ್ ಜಗಳವಾಡುತ್ತಿದ್ದುದು ಒಂದೇ ವಿಷಯಕ್ಕೆ. ಯಾವ ಪೆಟ್ಟಿಗೆ ರಿಪೇರಿಯಾದರೂ ಚಾಂಪಿಯನ್‌ಗೆ ಸಮಾಧಾನವಿಲ್ಲ. “ಸದ್ದು ತೆಗೀರಿ ಮೇಷ್ಟ್ರೇ. ಆಗ ಹೀಗಿರಲಿಲ್ಲ,” ಎನ್ನುವನು. “ಹ್ಯಾಂಡಲ್ ನಿಧಾನ. ಕೈಗಿಂತ ಮುಂಚೆ ಓಡ್ಬೇಕು,” ಎನ್ನುವನು.

“ಕೈಗಿಂತ ಮುಂಚೆ ಹೇಗೆ ಓಡುತ್ತೆ ಪುಣ್ಯಾತ್ಮ? ಅದೇನು ಮಷೀನೋ, ಜ್ಯೋತಿಷಿಯೋ?”

“ನಾನು ಆಡಿದೋನು. ನನಗೆ ಹೇಳ್ತೀರಾ?”

ಆಡಿದವನ ಮುಂದೆ ಓದಿದವನು ಏನು ಹೇಳಿಯಾನು? ಮೇಷ್ಟ್ರು ಗೊಣಗುತ್ತಲೇ ಸ್ಪೀಕರಿನ ತಂತಿ ಕತ್ತರಿಸಿದರು. ಬೋರ್ಡಿನ ವೇಗವನ್ನು ಅಲ್ಲಿ ಇಲ್ಲಿ ತಿದ್ದಿದರು. ನಾಲ್ಕು ಒಳ್ಳೆಯ ಪೆಟ್ಟಿಗೆಗಳು ಮೂಕವಾಗಿ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡತೊಡಗಿದವು. ಆದರೂ ಚಾಂಪಿಯನ್ “ಇನ್ನೂ ಅದು ಬರಲಿಲ್ಲ” ಎಂದೇ ತಲೆ ಅಲ್ಲಾಡಿಸುತ್ತಿದ್ದ.

ಅವನಿಗೆ ಬೇಕಾಗಿದ್ದುದು ಆ ಪೆಟ್ಟಿಗೆಯೇ. ಕೊನೆಗೂ ಅದು ಸಿಕ್ಕಿತು. ಗೇಮಿನ ಅಂಗಡಿಯವನ ಮಗ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಹಾಸಿಗೆಗಳ ಕೆಳಗಿಂದ ಅದನ್ನು ಎಳೆದಿದ್ದ. ಪಕ್ಕದ ಹಲಗೆಯ ಮೇಲಿನ ಕೆಂಪು ವಿಮಾನ ನೋಡಿದ ಕೂಡಲೇ ಚಾಂಪಿಯನ್‌ನ ಕಣ್ಣು ತುಂಬಿತು. ಬ್ರೆಡ್ಡಿನ ವ್ಯಾನಿನಲ್ಲಿ ಅದನ್ನು ಮಲಗಿಸಿ, ಮಗುವನ್ನು ಕರೆತರುವ ಹಾಗೆ ನಿಧಾನವಾಗಿ ತಂದ. ಬೋರ್ಡಿಗೆ ತುಕ್ಕು ಹಿಡಿದಿತ್ತು. ಮೇಷ್ಟ್ರು ಅದನ್ನು ಬಿಚ್ಚಿ ಮನೆಗೊಯ್ದು ತಿಂಗಳಿಗೂ ಮೇಲೆ ಕೂತರು. ಈ ಸಲ ಚಾಂಪಿಯನ್ ಒಂದೇ ಮಾತು ಹೇಳಿದ್ದ, “ಏನೂ ತಿದ್ದಬೇಡಿ ಮೇಷ್ಟ್ರೇ. ಇದ್ದ ಹಾಗೇ ಇರಲಿ. ಇದು ಅದೇ.”

ಒಂದು ಭಾನುವಾರ ಎಲ್ಲರ ಮುಂದೆ ಪೆಟ್ಟಿಗೆಯ ಸ್ವಿಚ್ಚು ಹಾಕಿದರು. ಚಾಂಪಿಯನ್ ಕೈ ತೊಳೆದು ಒರೆಸಿಕೊಂಡು ಬಂದ. ಪರದೆ ಬೆಳಗುವುದೇ ತಡ, ನಾಣ್ಯ ಹಾಕಿ ಗುಂಡಿ ಒತ್ತಿದ.

ಡಬಡಬ ಸದ್ದು ಶುರುವಾಯಿತು. ಪರದೆಯ ಮೇಲೆ ಸಮುದ್ರ. ನದಿಯೂ ಇಲ್ಲ, ಗುಡ್ಡವೂ ಇಲ್ಲ. ಚಾಂಪಿಯನ್ ಏನಾಯಿತೆಂದು ನೋಡುವಷ್ಟರಲ್ಲಿ ಮೊದಲನೇ ಹಡಗೇ ಅವನ ವಿಮಾನವನ್ನು ಉಡಾಯಿಸಿತು. ಮತ್ತೆ ನಾಣ್ಯ ಹಾಕಿದ, ಮತ್ತೆ ಅದೇ ಹಡಗು ಉಡಾಯಿಸಿತು. ಕೈ ಎಡಕ್ಕೆಂದರೆ ವಿಮಾನ ಕೈಯ ಹಿಂದಿನಿಂದ, ಯಜಮಾನನ ಹಿಂದೆ ಆಳು ಬಂದ ಹಾಗೆ ಬರುತ್ತಿತ್ತು. ಯಾರೋ ಹಿಂದಿನಿಂದ ಕಿಸಕ್ಕೆಂದರು.

“ಇದು ಅದಲ್ಲ,” ಎಂದ ಚಾಂಪಿಯನ್.

“ಅದೇ ಬೋರ್ಡು,” ಎಂದರು ಮೇಷ್ಟ್ರು. “ನೀನು ಹೇಳಿದ ಹಾಗೆ ಒಂದು ಕೂದಲೂ ಕೊಂಕಿಸಿಲ್ಲ.”

ಚಾಂಪಿಯನ್‌ನ ತಲೆಯೊಳಗೆ ಎಲ್ಲವೂ ಕಲಸುಮೇಲೋಗರವಾಯಿತು. ಪೆಟ್ಟಿಗೆ ಅದೇ. ಅದರಲ್ಲಿ ಅನುಮಾನವೇ ಇಲ್ಲ. ಆಟ ಅದಲ್ಲ. ಅದರಲ್ಲೂ ಅನುಮಾನವಿಲ್ಲ. ಹಾಗಾದರೆ ಬದಲಾದದ್ದು ಬೋರ್ಡು. ಬೋರ್ಡು ಇದ್ದದ್ದು ಒಬ್ಬರ ಮನೆಯಲ್ಲಿ. ಲೆಕ್ಕ ಎಷ್ಟು ಸಲೀಸಾಗಿ ಬಂತೆಂದರೆ, ನಾಲಿಗೆಯನ್ನು ತಡೆಯಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ.

“ಅಸಲಿ ಬೋರ್ಡು ಯಾರಿಗೆ ಕೊಟ್ರಿ ಮೇಷ್ಟ್ರೇ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಅವರು ಸಿಟ್ಟಾಗಲಿಲ್ಲ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಮೆಡಿಕಲ್ ಶಾಪಿನವನು ಈ ಬಳಗದ ಹಿರಿಯ, ಎಲ್ಲರಿಗಿಂತ ಹೆಚ್ಚು ಪೆಟ್ಟಿಗೆ ಉಳ್ಳವನು. ಅವನು ಮೇಷ್ಟ್ರ ಮನೆಗೆ ಹೋಗಿ ತನ್ನ ಬೋರ್ಡುಗಳನ್ನೆಲ್ಲ ವಾಪಸ್ ತಂದುಬಿಟ್ಟ. “ಚಾಂಪಿಯನ್ನೇ ಹೇಳಿದ ಮೇಲೆ ಇನ್ನೇನು? ಆಡಿದ ಕೈ ಸುಳ್ಳು ಹೇಳುತ್ತಾ?” ಎಂದ. ಉಳಿದವರೂ ಅದನ್ನೇ ಮಾಡಿದರು. ಮೇಷ್ಟ್ರು ಬೇಕರಿಯ ಬೀದಿ ಬಿಟ್ಟು ಸುತ್ತು ಬಳಸಿ ಓಡಾಡತೊಡಗಿದರು. ಬ್ರೆಡ್ಡನ್ನೂ ಬೇರೆ ಕಡೆ ಕೊಂಡರು.

ಚಾಂಪಿಯನ್‌ಗೆ ಹಿಟ್ಟು ನಾದುವಾಗಲೂ ಅದೇ ಯೋಚನೆ. ಮೇಷ್ಟ್ರು ಕದಿಯುವವರಲ್ಲ ಎಂದು ಮನಸ್ಸು ಹೇಳುತ್ತಿತ್ತು, ಕದ್ದಿರಲೇಬೇಕು ಎಂದು ತಲೆ ಹೇಳುತ್ತಿತ್ತು. ಎರಡು ಸಲ ಉಪ್ಪು ಹಾಕಿದ ಬ್ರೆಡ್ಡು ಮಾರಾಟವಾಗದೆ ಉಳಿಯಿತು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು ಅಕ್ಕ. “ಪಾಪ, ಆ ಮನುಷ್ಯನ್ನ ಯಾಕೋ ಹಾಗಂದೆ?”

“ಕುಣಿಯೋಕೆ ಬಾರದವನಾ? ನಾನಾ?” ಎಂದು ಅವನು ಉರಿದುಬಿದ್ದ. ಅಕ್ಕ ಅವನ ಮುಖವನ್ನು ಒಂದು ಥರ ನೋಡಿ ಮತ್ತೆ ಚಿಲ್ಲರೆ ಎಣಿಸತೊಡಗಿದಳು.

ಇಲ್ಲಿ ಈ ಹುಚ್ಚಿನವರ ಒಂದು ಕಟ್ಟುಪಾಡು ಹೇಳಬೇಕು. ಇವರು ಪೆಟ್ಟಿಗೆಯನ್ನು ಎಂದೂ ಆನ್ ಮಾಡಿಟ್ಟು ಹೋಗುವುದಿಲ್ಲ. ಹಳೇ ಪಿಕ್ಚರ್ ಟ್ಯೂಬು ಸುಮ್ಮನೆ ಉರಿಯುತ್ತಿದ್ದರೆ ಚಿತ್ರದ ಗುರುತು ಗಾಜಿಗೆ ಅಂಟಿ ಕೂರುತ್ತದೆ, ಮತ್ತೆ ಹೋಗುವುದಿಲ್ಲ. ಅದಕ್ಕೇ ಸ್ವಿಚ್ಚು ಹಾಕಿದ ತಕ್ಷಣ ಆಟ, ಆಟ ಮುಗಿದ ತಕ್ಷಣ ಸ್ವಿಚ್ಚು ಆಫ್. ಮೇಷ್ಟ್ರೂ ಟೆಸ್ಟ್ ಮಾಡುವಾಗ ಚಿತ್ರ ಮೂಡಿದ್ದೇ ಆರಿಸಿಬಿಡುತ್ತಿದ್ದರು. ಯಾರೂ ಆಡದಿರುವಾಗ ತಮ್ಮ ಪೆಟ್ಟಿಗೆಗಳು ಏನು ಮಾಡುತ್ತವೆ ಎಂದು ಇಷ್ಟು ವರ್ಷಗಳಲ್ಲಿ ಇವರಲ್ಲಿ ಒಬ್ಬನೂ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಚಾಂಪಿಯನ್ ಪೆಟ್ಟಿಗೆಯ ಸ್ವಿಚ್ಚು ಹಾಕಿ, ಇನ್ನೇನು ನಾಣ್ಯ ಹಾಕಬೇಕು, ಅಷ್ಟರಲ್ಲಿ ಅಕ್ಕ ಕೂಗಿದಳು. ಹಿಟ್ಟು ಉಕ್ಕಿ ಪಾತ್ರೆಯಾಚೆ ಸುರಿಯುತ್ತಿತ್ತು. ಓಡಿಹೋಗಿ ಅದನ್ನು ಗುದ್ದಿ ಇಳಿಸಿ, ಉಂಡೆ ಕಟ್ಟಿ ತಟ್ಟೆಗಳಿಗೆ ತುಂಬಿ, ಸ್ವಿಚ್ಚಿನ ನೆನಪಾಗಿ ಬಾಯಿ ಬಾಯಿ ಬಡಿದುಕೊಂಡು ವಾಪಸ್ ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

ಪರದೆಯ ಮೇಲೆ ನದಿ ಹರಿಯುತ್ತಿತ್ತು. ಎರಡೂ ಕಡೆ ಗುಡ್ಡ. ಪುಟ್ಟ ಕೆಂಪು ವಿಮಾನ ಒಂಚೂರೂ ಸದ್ದಿಲ್ಲದೆ ಹಾರುತ್ತಿತ್ತು.

ಹಿಟ್ಟಿನ ಕೈಯಲ್ಲೇ ಹೋಗಿ ಹ್ಯಾಂಡಲ್ ಹಿಡಿದ. ಕೈ ತಾನಾಗಿಯೇ ಎಡಕ್ಕೆ ಹೋಯಿತು, ವಿಮಾನ ಎಡಕ್ಕೆ ಹೋಗಿತ್ತು. ಬಲ, ಬಲ, ಗುಂಡು, ಸಂದಿಯೊಳಗೆ ನುಸುಳು. ಎಲ್ಲವೂ ಅಂದಿನ ಹಾಗೆ! ಅಂದುಕೊಳ್ಳುವಷ್ಟರಲ್ಲಿ ತಿರುಗುತ್ತಿತ್ತು! ದೂರದಲ್ಲಿ ಸೇತುವೆ ಕಾಣಿಸಿತು. ಇಷ್ಟು ದೊಡ್ಡವನಾಗಿದ್ದೇನೆ, ಈ ಸಲ ಬಿಡುವುದಿಲ್ಲ ಎಂದುಕೊಂಡು, ಹ್ಯಾಂಡಲನ್ನು ಶಕ್ತಿಯೆಲ್ಲ ಹಾಕಿ ಬಲಕ್ಕೆ ಎಳೆದ.

ವಿಮಾನ ಎಡಕ್ಕೆ ಹೋಯಿತು. ಸೇತುವೆಗೆ ಬಡಿದು ಚೂರಾಯಿತು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮಿನುಗಿದವು. ಆರು ವರ್ಷದವನಿದ್ದಾಗ ಓದಲು ಬಾರದ ಆ ಅಕ್ಷರಗಳನ್ನು ‘ಭಲೇ ಹುಡುಗ’ ಎಂದೋ ಏನೋ ಅಂದುಕೊಂಡಿದ್ದು ಅವನಿಗೆ ನೆನಪಾಯಿತು. ಈಗ ಓದಿದ. ‘ನಾಣ್ಯ ಹಾಕಿ’ ಎಂದಿತ್ತು. ಆಮೇಲೆ ಮತ್ತೆ ನದಿ ಬಂತು, ಮತ್ತೆ ವಿಮಾನ ಬಂತು. ಅವನು ಎರಡೂ ಕೈ ಬಿಟ್ಟು ಹಿಂದೆ ಸರಿದು ನಿಂತ. ವಿಮಾನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಗುಂಡು ಹಾರಿಸಿತು, ಸಂದಿಯಲ್ಲಿ ನುಸುಳಿತು, ಸೇತುವೆಗೆ ಬಡಿದು ಸತ್ತಿತು. ಗಿರಾಕಿಗಳನ್ನು ಕರೆಯಲು ಪೆಟ್ಟಿಗೆ ತನ್ನ ಪಾಡಿಗೆ ತಾನು ಆಡಿಕೊಳ್ಳುವ ಆಟ ಅದು.

ಚಾಂಪಿಯನ್ ಅಕ್ಕನ ಹತ್ತಿರ ಹೋದ. “ಅಕ್ಕ, ನಾನು ಗೇಮ್ ಆಡ್ತಿದ್ನಲ್ಲ, ಆಗ ಕಾಸು ಯಾರು ಹಾಕ್ತಿದ್ರು?”

“ಯಾವ ಕಾಸು?”

“ಮಷೀನಿಗೆ ಹಾಕೋ ಕಾಸು.”

“ಅಯ್ಯೋ, ನಮ್ಮ ಹತ್ರ ಕಾಸೆಲ್ಲಿತ್ತೋ! ನಾನು ಆ ಅಂಗಡಿ ಮೇಲ್ಗಡೆ ಹೊಲಿಗೆ ಕಲಿಯೋಕೆ ಹೋಗ್ತಿದ್ದೆ, ನಿನ್ನ ಎಲ್ಲಿ ಬಿಡೋದು? ಬೆಳಿಗ್ಗೆ ಯಾರೂ ಬರಲ್ಲ, ಇವನನ್ನ ಇಲ್ಲೇ ನಿಲ್ಲಿಸಿ ಹೋಗಮ್ಮ, ಅದರ ಪಾಡಿಗೆ ಅದು ಓಡ್ತಿರುತ್ತೆ, ಇವನ ಪಾಡಿಗೆ ಇವನು ಹ್ಯಾಂಡಲ್ ತಿರುಗಿಸ್ಕೊಂಡಿರ್ಲಿ ಅಂದ್ರು ಅಂಗಡಿಯವರು.”

“ಮತ್ತೆ ಇಷ್ಟು ವರ್ಷ ನೀನ್ಯಾಕೆ ಹೇಳಲಿಲ್ಲ?”

ಅಕ್ಕ ಕಣ್ಣು ಬಿಟ್ಟಳು. “ನಿನಗೆ ಗೊತ್ತಿಲ್ಲ ಅಂತ ನನಗೇನೋ ಗೊತ್ತು? ಗಿರಾಕಿಗಳನ್ನ ನಗಿಸೋಕೆ ಬಡಾಯಿ ಬಿಡ್ತೀಯ ಅಂದ್ಕೊಂಡಿದ್ದೆ. ನಿಜವಾಗ್ಲೂ ಗೊತ್ತಿರಲಿಲ್ವಾ?”

ಅವನು ಓಣಿಯಲ್ಲಿ ಮೈದಾ ಮೂಟೆಯ ಮೇಲೆ ಕುಸಿದು ಕೂತ. ಭಾರೀ ಸಿಟ್ಟು ಬಂದಿತ್ತು, ಯಾರ ಮೇಲೆ ಎಂಬುದೇ ತಿಳಿಯಲಿಲ್ಲ. ಅಕ್ಕನ ಮೇಲೆಯೇ? ಅವಳು ಮಾಡಿದ್ದೇನು? ಅಂಗಡಿಯವನ ಮೇಲೆಯೇ? ಅವನು ನಿಲ್ಲಲು ಸ್ಟೂಲು ಕೊಟ್ಟಿದ್ದ. ಮೂಟೆ ಹೊರಗೆ ಹಾಕಿ, ಪೆಟ್ಟಿಗೆ ಒಳಗೆ ತಂದು, ಅರ್ಧ ಆಯುಷ್ಯ ಕಳೆದು ತಾನು ಹುಡುಕುತ್ತಿದ್ದುದಾದರೂ ಏನು? ಆಡಿದ ಸುಖ ಸುಳ್ಳಾಗಿದ್ದರೆ ಈಗಲೂ ನೆನೆದರೆ ಮೈ ಜುಮ್ಮೆನ್ನುವುದೇಕೆ?

ಆ ಗೊಂದಲದ ನಡುವೆ ಒಂದು ಕೆಟ್ಟ ಯೋಚನೆ ಮಾತ್ರ ಬಲು ಸ್ಪಷ್ಟವಾಗಿ ಬಂತು. ಸ್ವಿಚ್ಚು ಆರಿಸಿದರೆ ಇದು ಯಾರಿಗೂ ತಿಳಿಯುವುದಿಲ್ಲ. ಅಕ್ಕ ಹೇಳುವವಳಲ್ಲ. ತಾನು ಚಾಂಪಿಯನ್ನಾಗಿಯೇ ಉಳಿಯಬಹುದು. ಆದರೆ ಮೇಷ್ಟ್ರು ಕಳ್ಳರಾಗಿಯೇ ಉಳಿಯುತ್ತಾರೆ. ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಮೇಷ್ಟ್ರ ಮನೆಗೆ ಹೋದ.

ಅವರ ಮೇಜು ಖಾಲಿ ಬಿದ್ದಿತ್ತು. ಬೆಸುಗೆ ಹಾಕುವ ಕಡ್ಡಿಗೆ ಬಟ್ಟೆ ಸುತ್ತಿಟ್ಟಿದ್ದರು. ಅವನು ಕ್ಷಮೆ ಕೇಳಿ ವಿಷಯ ಹೇಳತೊಡಗಿದ. ಮೇಷ್ಟ್ರು ಕೈ ಎತ್ತಿ ತಡೆದರು. “ನನಗೆ ಒಬ್ಬನಿಗೇ ಹೇಳಿ ಏನು ಬಂತು? ನಾಲ್ಕು ಜನರ ಮುಂದೆ ಅಂದದ್ದನ್ನ ನಾಲ್ಕು ಜನರ ಮುಂದೇನೇ ಹೇಳು.”

ಭಾನುವಾರ ಬಳಗ ಸೇರಿತು. ಮೇಷ್ಟ್ರು ಬಾಗಿಲ ಹತ್ತಿರ, ಚಪ್ಪಲಿ ಬಿಡದೆ ನಿಂತಿದ್ದರು. ಚಾಂಪಿಯನ್ ಎಲ್ಲವನ್ನೂ ಹೇಳಿದ. ತಾನು ಎಂದೂ ಆಡಿಲ್ಲ, ಎಂದೂ ನಾಣ್ಯ ಹಾಕಿಲ್ಲ, ಪೆಟ್ಟಿಗೆ ತಾನೇ ಆಡುತ್ತಿತ್ತು, ಬೋರ್ಡು ಅದೇ, ಮೇಷ್ಟ್ರು ಅದನ್ನು ಕಣ್ಣಲ್ಲಿಟ್ಟು ಕಾಪಾಡಿದ್ದರು. ಹೇಳುವಾಗ ಅವನ ಕಿವಿ ಸುಡುತ್ತಿತ್ತು.

ಯಾರೂ ನಗಲಿಲ್ಲ. ಮೆಡಿಕಲ್ ಶಾಪಿನವನು ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. “ದೊಡ್ಡ ಮನಸ್ಸು ಚಾಂಪಿಯನ್ ನಿಮ್ಮದು. ಹಳೇ ಸ್ನೇಹಕ್ಕೆ ಮರ್ಯಾದೆ ಬಿಟ್ಟು ಇಂಥಾ ಕಥೆ ಕಟ್ಟಿದ್ದೀರಿ. ಸರಿ, ನಾವೂ ಮರೆತುಬಿಡ್ತೀವಿ. ಮೇಷ್ಟ್ರೇ, ಇಂಥವರ ಕಾಲು ತೊಳೀಬೇಕು ನೀವು.”

ಚಾಂಪಿಯನ್ ಇಂಗು ತಿಂದ ಮಂಗನ ಹಾಗಾದ. ಇಷ್ಟು ವರ್ಷ ಹೇಳಿದ ಸುಳ್ಳನ್ನು ಎಲ್ಲರೂ ನಂಬಿದ್ದರು, ಈಗ ನಿಜ ಹೇಳಿದರೆ ಒಬ್ಬನೂ ನಂಬಲೊಲ್ಲ! ನಾಣ್ಯ ಹಾಕಿ ಆಡಿ ತೋರಿಸಿದ, ಮೊದಲನೇ ಹಡಗಿಗೇ ಸತ್ತ. “ಬೇಕಂತಲೇ ಸಾಯ್ತಿದ್ದೀರಿ ಬಿಡಿ,” ಎಂದರು. ಬಾಗಿಲ ಬಳಿ ಮೇಷ್ಟ್ರ ಮುಖ ಇನ್ನಷ್ಟು ಕಪ್ಪಿಟ್ಟಿತು. “ನಿನ್ನ ದಯೆ ನನಗೆ ಬೇಡ,” ಎಂದು ಅವರು ತಿರುಗಿದರು.

“ನಿಲ್ಲಿ ಮೇಷ್ಟ್ರೇ!” ಎಂದು ಅವನು ಕಿರುಚಿದ. “ಯಾರೂ ಏನೂ ಮುಟ್ಟಬೇಡಿ. ವಿಮಾನ ಕಾಣಿಸಿದ ಕೂಡಲೇ ಒಂದು ಮಾತು ಹೇಳಿ.” ಪರದೆಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಮೆಡಿಕಲ್ ಶಾಪಿನವನು “ಬಂತು” ಎಂದ. ಪೆಟ್ಟಿಗೆಯಿಂದ ಪಿಸುಮಾತಿನಷ್ಟೂ ಸದ್ದಿಲ್ಲ. ಚಾಂಪಿಯನ್‌ನ ಬಲಗೈ ಗಾಳಿಯಲ್ಲಿ ಅಲ್ಲಾಡತೊಡಗಿತು, ಬಾಯಿ ಸಣ್ಣ ಹುಡುಗನ ಹಾಗೆ ಒದರತೊಡಗಿತು. “ಎಡ. ಎಡ. ಬಲ. ಎರಡು ಗುಂಡು. ನೀಲಿಯವನು ಸತ್ತ. ಈಗ ಸಂದಿ. ಕೆಳಗೆ ಬಾ, ಕೆಳಗೆ ಬಾ. ಬಲ. ಒಬ್ಬ ಹಿಂದಿನಿಂದ ಬಂದ, ಬಿಟ್ಟುಬಿಡು, ಅವನು ಹೊಡೆಯಲ್ಲ. ಗುಂಡು. ಗುಂಡು. ಮೇಲೆ. ಸೇತುವೆ ಬಂತು. ಎಡ…” ಗಾಳಿಯಲ್ಲಿದ್ದ ಕೈ ಕೆಳಗಿಳಿಯಿತು. “ಸತ್ತೆ.”

ಅವನು ಅಂದಂದ ಹಾಗೆಲ್ಲ ವಿಮಾನ ಹೋಗಿತ್ತು, ಅಂದ ಗಳಿಗೆಯಲ್ಲೇ ಸತ್ತಿತ್ತು. ನಾಣ್ಯ ಹಾಕಿ ಆಡುವವನಿಗೆ ಆ ಆಟ ಬಾಯಿಪಾಠವಾಗುವುದಿಲ್ಲ. ಹಾಕಲು ನಾಣ್ಯವಿಲ್ಲದೆ, ದಿನದಿನವೂ ಅದರ ಮುಂದೆ ನಿಂತವನಿಗೆ ಮಾತ್ರ ಆಗುತ್ತದೆ.

ಕೊನೆಗೆ ಯಾರೋ ತಡೆಯಲಾರದೆ ನಕ್ಕರು, ಉಳಿದವರೂ ನಕ್ಕರು. ಮೆಡಿಕಲ್ ಶಾಪಿನವನು ಮಾತ್ರ ತಲೆ ತಗ್ಗಿಸಿ ಮೇಷ್ಟ್ರ ಹತ್ತಿರ ಹೋಗಿ, ಬೋರ್ಡುಗಳನ್ನು ನಾಳೆಯೇ ತಂದುಕೊಡುವುದಾಗಿ ಹೇಳಿದ. ಹೊರಡುವಾಗ ಒಬ್ಬ ಅಭ್ಯಾಸಬಲದಿಂದ “ಬರ್ತೀನಿ ಚಾಂ…” ಎಂದು ಅರ್ಧಕ್ಕೇ ನುಂಗಿಕೊಂಡ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. ಬೇಕರಿಯವನು ಗೋಡೆಯ ಕಡೆಗೇ ಮುಖ ಮಾಡಿ ಅಳುತ್ತಿದ್ದ. ಯಾಕೆ ಅಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತಿದ್ದ ಆ ಹುಡುಗ ಮೋಸ ಹೋದವನೋ ಅಥವಾ ಅವನಷ್ಟು ಸುಖವಾಗಿ ಯಾರೂ ಆಡಿಯೇ ಇರಲಿಲ್ಲವೋ, ಎಷ್ಟು ಯೋಚಿಸಿದರೂ ಬಗೆಹರಿಯುತ್ತಿರಲಿಲ್ಲ.

“ನನ್ನ ಹೆಸರು ಉಳಿಸಿದೆ,” ಎಂದರು ಮೇಷ್ಟ್ರು. “ನಿಂದು ಹೋಯ್ತಲ್ಲೋ.”

“ಅದು ನಂದಾಗಿದ್ರೆ ತಾನೇ ಹೋಗೋಕೆ?”

ಮೇಷ್ಟ್ರಿಗೆ ಸಮಾಧಾನ ಹೇಳಿ ಗೊತ್ತಿಲ್ಲ. ಪೆಟ್ಟಿಗೆಯ ಮುಂದೆ ನಿಂತು ಹ್ಯಾಂಡಲನ್ನು ಒಂದು ಬೆರಳಿನಿಂದ ಮುಟ್ಟಿ ಬಿಟ್ಟರು. ಮತ್ತೆ ಮುಟ್ಟಿದರು. ಅಷ್ಟು ವಯಸ್ಸಾದ ಮನುಷ್ಯನ ಮುಖ ಕೆಂಪಾಗಿತ್ತು.

“ಒಂದು ಆಟ ಆಡ್ಲಾ?” ಎಂದರು.

“ಆಡಿ ಮೇಷ್ಟ್ರೇ. ನನ್ನೇನು ಕೇಳೋದು?”

“ಇಷ್ಟು ವರ್ಷ ಟೆಸ್ಟ್ ಮಾಡಿದ್ದೀನಿ ಕಣೋ, ಒಂದು ಸಲಾನೂ ಆಡಿಲ್ಲ. ಬಲು ಆಸೆ ಇತ್ತು. ನೀನು ಅಷ್ಟು ದೊಡ್ಡ ಆಟಗಾರ, ನಿನ್ನ ಮುಂದೆ ಹೇಗೆ ಆಡೋದು ಅಂತ ನಾಚಿಕೆ.”

ಬೇಕರಿಯವನು ಕಣ್ಣೊರೆಸಿಕೊಂಡು ಜೇಬು ತಡಕಿದ. ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಅಕ್ಕನ ಮುಂದೆ ಕೈ ಚಾಚಿ ಎರಡು ನಾಣ್ಯ ಕೊಡು ಎಂದ. ಅವಳು ಯಾಕೆ ಎಂದು ಕೇಳದೆ ಕೊಟ್ಟಳು.